ರೆಡ್‌ಲೈನಾ, ಟಾರ್ಕಾ? ಓಡಿಸುವ ಮಜಾಕ್ಕೆ ಯಾವ ಎಂಜಿನ್ ಸರಿ

ಏರು ರಸ್ತೆ. ಮುಂದೆ ಒಂದು ಲಾರಿ ಏದುಸಿರು ಬಿಡುತ್ತಾ ಹತ್ತುತ್ತಿದೆ. ಎದುರಿಗೆ ರಸ್ತೆ ಖಾಲಿ. ಟರ್ಬೊ ಡೀಸೆಲ್ ಕಾರಿನವನು ಮೂರನೇ ಗೇರ್‌ನಲ್ಲಿದ್ದಾನೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ (ಆರ್‌ಪಿಎಮ್) ಎಂದು ತೋರಿಸುವ ಮುಳ್ಳು 1,800ರ ಹತ್ತಿರ. ಆಕ್ಸಿಲರೇಟರ್ ಅರ್ಧ ಒತ್ತುತ್ತಾನೆ, ಅಷ್ಟೇ. ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಲಾರಿ ಕನ್ನಡಿಯಲ್ಲಿ ಸಣ್ಣದಾಗುತ್ತಾ ಹೋಗುತ್ತದೆ.

ಅದೇ ಜಾಗ, ಅದೇ ಲಾರಿ. ಈಗ ಹಿಂದಿರುವುದು 8,000 ಆರ್‌ಪಿಎಮ್‌ವರೆಗೆ ತಿರುಗುವ ಪೆಟ್ರೋಲ್ ಕಾರು. ಮೂರನೇ ಗೇರ್‌ನಲ್ಲಿ ಕಾಲು ಪೂರ್ತಿ ಒತ್ತಿದರೂ ‘ನೋಡೋಣ ಬಿಡು’ ಅನ್ನುವ ಹಾಗೆ ಸುಮ್ಮನಿರುತ್ತದೆ. ಕ್ಲಚ್ ಒತ್ತಬೇಕು, ಒಂದು ಸಲ ರೆವ್ ಕೊಟ್ಟು (ಎಂಜಿನ್‌ನ ಸುತ್ತು ಏರಿಸಿ) ಎರಡನೇ ಗೇರ್‌ಗೆ ಇಳಿಸಬೇಕು. ಮುಳ್ಳು 5,000 ದಾಟುತ್ತದೆ, 6,000 ದಾಟುತ್ತದೆ. ಗುರುಗುಟ್ಟುತ್ತಿದ್ದ ಎಂಜಿನ್ ಕೂಗಲು ಶುರು ಮಾಡುತ್ತದೆ. ಲಾರಿ ಯಾವಾಗ ಹಿಂದಾಯಿತು ಅನ್ನುವುದು ಆಮೇಲೆ ನೆನಪೇ ಇರುವುದಿಲ್ಲ.

ಇಬ್ಬರೂ ಹೆಚ್ಚುಕಮ್ಮಿ ಅಷ್ಟೇ ಸೆಕೆಂಡಿನಲ್ಲಿ ದಾಟಿದರು. ಒಬ್ಬನಿಗೆ ಕೇಳಿದ ಕೂಡಲೇ ಸಿಕ್ಕಿತು, ಇನ್ನೊಬ್ಬ ದುಡಿದು ಗಳಿಸಿದ. ಯಾವುದು ಮೇಲು ಎಂದು ಜಗಳ ಆಡುತ್ತಾ ಕೂರಬಹುದು. ಆದರೆ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀವು ಓಡಿಸುವ ರಸ್ತೆಯಲ್ಲಿ ಆ ಮುಳ್ಳನ್ನು ಮೇಲಿನವರೆಗೆ, ಅಂದರೆ ಎಂಜಿನ್ ದಾಟಬಾರದ ಮಿತಿಯಾದ ರೆಡ್‌ಲೈನ್‌ವರೆಗೆ, ಕರೆದುಕೊಂಡು ಹೋಗುವುದಕ್ಕೆ ಎಷ್ಟು ಸಲ ಅವಕಾಶ ಸಿಗುತ್ತದೆ?

ಮೊದಲು ಒಂದು ಲೆಕ್ಕ

ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: “ಗಾಡಿ ಎಳೆಯುವುದು ಟಾರ್ಕ್, ಪವರ್ ಏನಿದ್ದರೂ ಟಾಪ್ ಸ್ಪೀಡ್‌ಗೆ.” ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅರ್ಧ ಸತ್ಯ.

ಟಾರ್ಕ್ ಅಂದರೆ ಎಂಜಿನ್ ತಿರುಚುವ ಬಲ. ಆ ಬಲದಲ್ಲಿ ಅದು ಎಷ್ಟು ಬೇಗ ಬೇಗ ತಿರುಗುತ್ತದೆ ಎನ್ನುವುದನ್ನೂ ಸೇರಿಸಿದರೆ ಪವರ್. ಎನ್‌ಎಮ್ (ನ್ಯೂಟನ್ ಮೀಟರ್) ಲೆಕ್ಕದ ಟಾರ್ಕನ್ನು ಆರ್‌ಪಿಎಮ್‌ನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಒಂದು ಎಂಜಿನ್ 8,000 ಆರ್‌ಪಿಎಮ್‌ನಲ್ಲಿ 200 ಎನ್‌ಎಮ್ ಕೊಡುತ್ತದೆ ಅಂದುಕೊಳ್ಳಿ, ಸುಮಾರು 168 ಕಿಲೋವ್ಯಾಟ್ ಆಯಿತು. ಇನ್ನೊಂದು 4,000ದಲ್ಲಿ 400 ಎನ್‌ಎಮ್ ಕೊಡುತ್ತದೆ, ಅದೂ 168. ಮೊದಲನೆಯದು ಎರಡು ಪಟ್ಟು ವೇಗವಾಗಿ ತಿರುಗುವುದರಿಂದ ಅದಕ್ಕೆ ಎರಡು ಪಟ್ಟು ಗಿಡ್ಡ ಗೇರ್, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಎರಡು ಪಟ್ಟು ಸುತ್ತು ಹಾಕುವಂಥದ್ದು, ಹಾಕಬಹುದು. ಗಿಡ್ಡ ಗೇರ್ ಟಾರ್ಕನ್ನು ಅಷ್ಟೇ ಹೆಚ್ಚಿಸಿ ಚಕ್ರಕ್ಕೆ ಕೊಡುತ್ತದೆ. ಹಾಗಾಗಿ ಎರಡೂ ಕಾರು ತಮ್ಮ ತಮ್ಮ ಜೋರಿನಲ್ಲಿರುವಾಗ ರಸ್ತೆಗೆ ಬೀಳುವ ಎಳೆತ ಒಂದೇ. ಗೇರ್ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತಿರುತ್ತದೆ. ಸಣ್ಣ ಗೇರ್‌ನಲ್ಲಿ ಚಕಚಕ ತುಳಿದರೂ, ದೊಡ್ಡ ಗೇರ್‌ನಲ್ಲಿ ಮೈಭಾರ ಹಾಕಿ ತುಳಿದರೂ ಏರು ಅಷ್ಟೇ ಹೊತ್ತಿಗೆ ಮುಗಿಯಬಹುದು.

ಹಾಗಾದರೆ ವ್ಯತ್ಯಾಸ ಎಲ್ಲಿ? ನೀವು ಜೋರು ಮಾಡದೆ ಸುಮ್ಮನೆ ಹೋಗುತ್ತಿರುವಾಗ. ಆ 8,000ದ ಎಂಜಿನ್ 3,000ದಲ್ಲಿ ಆರಾಮಾಗಿ ಹೋಗುತ್ತಿದ್ದರೆ ಅದರ ಕೈಯಲ್ಲಿ ಅಂದಾಜು 165 ಎನ್‌ಎಮ್ ಇರಬಹುದು, ಅಂದರೆ 52 ಕಿಲೋವ್ಯಾಟ್. ಇನ್ನೊಂದು ಟರ್ಬೊ ಎಂಜಿನ್ ಆಗಿದ್ದು 2,000ದಲ್ಲೇ 400 ಎನ್‌ಎಮ್ ಕೊಡುವಂತಿದ್ದರೆ ಅಲ್ಲಿ ಆಗಲೇ 84 ಕಿಲೋವ್ಯಾಟ್ ತಯಾರಿದೆ. ಒಟ್ಟು ಶಕ್ತಿ ಎರಡಕ್ಕೂ ಸಮ. ಒಂದರಲ್ಲಿ ಅದು ಕೈಗೆ ಹತ್ತಿರ, ಇನ್ನೊಂದರಲ್ಲಿ ಅಟ್ಟದ ಮೇಲೆ.

ಎರಡು ಬೈಕ್, ಒಂದೇ ಓಟ

ಎಂಜಿನ್‌ಗಳಿಗೆ ಈ ಎರಡು ಸ್ವಭಾವ ಎಲ್ಲಿಂದ ಬಂತು? ಕಾರಿಗಿಂತ ಬೈಕ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಈಗಿನ ಎಂಜಿನ್‌ಗೆ ಒಂದೇ ಸಿಲಿಂಡರ್. ಬೋರ್ (ಸಿಲಿಂಡರ್‌ನ ಅಗಲ) 72 ಮಿ.ಮೀ., ಸ್ಟ್ರೋಕ್ (ಅದರೊಳಗೆ ಪಿಸ್ಟನ್ ಓಡುವ ದೂರ) 85.8 ಮಿ.ಮೀ. ಅಂದರೆ ಅಗಲಕ್ಕಿಂತ ಉದ್ದ ಜಾಸ್ತಿ. 27 ಎನ್‌ಎಮ್ ಟಾರ್ಕ್ 4,000ದಲ್ಲೇ ಸಿಗುತ್ತದೆ, 20 ಬಿಎಚ್‌ಪಿ ಪವರ್ 6,100ರಲ್ಲಿ (ಬಿಎಚ್‌ಪಿ, ಪಿಎಸ್, ಎಚ್‌ಪಿ ಎಲ್ಲವೂ ಪವರ್‌ನ ಹತ್ತಿರ ಹತ್ತಿರದ ಅಳತೆಗಳೇ). 2020ರಲ್ಲಿ ಬಂದ ಕವಾಸಾಕಿ ನಿಂಜಾ ಝೆಡ್‌ಎಕ್ಸ್-25ಆರ್ ಇದಕ್ಕೆ ತದ್ವಿರುದ್ಧ. ಬರೀ 250 ಸಿಸಿಯನ್ನು ನಾಲ್ಕು ಸಿಲಿಂಡರ್‌ಗೆ ಹಂಚಿದ್ದಾರೆ. ಬೋರ್ 50 ಮಿ.ಮೀ., ಸ್ಟ್ರೋಕ್ ಕೇವಲ 31.8 ಮಿ.ಮೀ. ರೆಡ್‌ಲೈನ್ 17,000. ಸುಮಾರು 50 ಪಿಎಸ್ ಸಿಗುವುದು 15,500ರಲ್ಲಿ. ಟಾರ್ಕ್ ಮಾತ್ರ 23 ಎನ್‌ಎಮ್ ಆಸುಪಾಸು, ಅದೂ ಮುಳ್ಳು ತುಂಬಾ ಮೇಲೆ ಹೋದ ಮೇಲೆ.

ಈಗ ಪಿಸ್ಟನ್ ಓಡುವ ಸರಾಸರಿ ವೇಗ ಲೆಕ್ಕ ಹಾಕಿ ನೋಡಿ. ಎನ್‌ಫೀಲ್ಡ್‌ನದು 6,100ರಲ್ಲಿ ಸೆಕೆಂಡಿಗೆ 17.4 ಮೀಟರ್. ನಿಂಜಾದ್ದು 17,000ದಲ್ಲಿ 18 ಮೀಟರ್. ಹತ್ತಿರ ಹತ್ತಿರ ಒಂದೇ! ಒಂದು ಸಾವಧಾನದ ಗಾಡಿ, ಇನ್ನೊಂದು ಕಿವಿ ಸೀಳುವ ಗಾಡಿ ಅಂತೇವೆ. ಒಳಗೆ ಪಿಸ್ಟನ್‌ಗಳು ಓಡುವ ಸರಾಸರಿ ವೇಗ ಹೆಚ್ಚುಕಮ್ಮಿ ಅಷ್ಟೇ. ಸ್ಟ್ರೋಕ್ ಗಿಡ್ಡ ಇದ್ದರೆ ಒಂದು ಸುತ್ತಿಗೆ ಓಡಬೇಕಾದ ದೂರ ಕಮ್ಮಿ, ಹಾಗಾಗಿ ಜಾಸ್ತಿ ಸುತ್ತು ಹಾಕಬಹುದು. ದನಿಯ ವ್ಯತ್ಯಾಸವೂ ಇಲ್ಲೇ ಇದೆ. 4,000ದಲ್ಲಿ ಎನ್‌ಫೀಲ್ಡ್ ಸೆಕೆಂಡಿಗೆ 33 ಸಲ ಸಿಡಿಯುತ್ತದೆ, ಒಂದೊಂದು ಗುದ್ದೂ ಬೇರೆಯಾಗಿ ಕೇಳುತ್ತದೆ. ನಿಂಜಾ 17,000ದಲ್ಲಿ 567 ಸಲ ಸಿಡಿಯುತ್ತದೆ. ಅಲ್ಲಿ ಗುದ್ದು ಅನ್ನುವುದೇ ಇಲ್ಲ, ಎಲ್ಲ ಸೇರಿ ಒಂದು ಸ್ವರ.

ಇನ್ನೊಂದು ಮಾತು. “ಸ್ಟ್ರೋಕ್ ಉದ್ದ ಇದ್ದರೆ ಟಾರ್ಕ್ ಜಾಸ್ತಿ” ಅನ್ನುವವರು ಬಹಳ. ಲೀಟರ್ ಲೆಕ್ಕದಲ್ಲಿ ನೋಡಿದರೆ ಇಲ್ಲಿ ನಿಂಜಾದ ಟಾರ್ಕೇ ಜಾಸ್ತಿ: ಲೀಟರ್‌ಗೆ 92 ಎನ್‌ಎಮ್, ಎನ್‌ಫೀಲ್ಡ್‌ನದು 77. ಟಾರ್ಕ್ ಬರುವುದು ಮುಖ್ಯವಾಗಿ ಒಂದು ಸಲಕ್ಕೆ ಎಷ್ಟು ಗಾಳಿ, ಎಷ್ಟು ಇಂಧನ ಒಳಗೆ ಹೋಗುತ್ತದೆ ಎನ್ನುವುದರಿಂದ. ಟರ್ಬೊ ಇಲ್ಲದ ಒಳ್ಳೆಯ ಪೆಟ್ರೋಲ್ ಎಂಜಿನ್ ಲೀಟರ್‌ಗೆ 100 ಎನ್‌ಎಮ್ ಸುತ್ತಮುತ್ತ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಬೇಕೆಂದರೆ ಎಂಜಿನ್ ದೊಡ್ಡದಾಗಬೇಕು, ಇಲ್ಲವೇ ಟರ್ಬೊ ಹಾಕಿ ಗಾಳಿ ತುರುಕಬೇಕು. ಎರಡೂ ಬೇಡ, ಪವರ್ ಮಾತ್ರ ಬೇಕು ಅಂದರೆ ಉಳಿದಿರುವುದು ಒಂದೇ ದಾರಿ. ಜಾಸ್ತಿ ತಿರುಗಿಸುವುದು.

ಮುಳ್ಳು ಮೇಲೇರುವ ಖುಷಿ

ಆ ದಾರಿಯನ್ನು ಕೊನೆಯವರೆಗೆ ಹಿಡಿದ ಕಾರು 1999ರ ಹೋಂಡಾ ಎಸ್2000. ಎರಡು ಲೀಟರ್, ಟರ್ಬೊ ಇಲ್ಲ, ರೆಡ್‌ಲೈನ್ 9,000ದ ಹತ್ತಿರ. ಅಮೆರಿಕದ ಮಾದರಿಯಲ್ಲಿ 240 ಎಚ್‌ಪಿ, 8,300ರಲ್ಲಿ. ಟಾರ್ಕ್ 207 ಎನ್‌ಎಮ್, ಅದೂ 7,500ರಲ್ಲಿ! ಸುಮಾರು 6,000 ಆಗುವ ಹೊತ್ತಿಗೆ ಎಂಜಿನ್ ಒಳಗೆ ಇನ್ನೊಂದು ಕ್ಯಾಮ್ (ಗಾಳಿಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಭಾಗ) ಕೆಲಸಕ್ಕೆ ಬರುತ್ತದೆ. ವಾಲ್ವ್‌ಗಳು ಜಾಸ್ತಿ ಹೊತ್ತು, ಜಾಸ್ತಿ ಅಗಲ ತೆರೆಯುತ್ತವೆ. ಅಲ್ಲಿಯವರೆಗೆ ಸಂಭಾವಿತನಂತಿದ್ದ ಕಾರು ಅಲ್ಲಿಂದ ಮುಂದೆ ಬೇರೆಯೇ ಕಾರು.

2004ರಲ್ಲಿ ಅದೇ ಕಾರಿನ ಸ್ಟ್ರೋಕನ್ನು 84ರಿಂದ 90.7 ಮಿ.ಮೀ.ಗೆ ಹೆಚ್ಚಿಸಿ ಅಮೆರಿಕದಲ್ಲಿ 2.2 ಲೀಟರ್ ಮಾಡಿದರು. ರೆಡ್‌ಲೈನ್ 8,000ಕ್ಕೆ ಇಳಿಯಿತು. ಟಾರ್ಕ್ 220 ಎನ್‌ಎಮ್‌ಗೆ ಏರಿತು, ಅದೂ ಮೊದಲಿಗಿಂತ 1,000 ಆರ್‌ಪಿಎಮ್ ಕಮ್ಮಿಯಲ್ಲೇ ಸಿಗುವ ಹಾಗಾಯಿತು. ಪವರ್ ಅಷ್ಟೇ. ಲೆಕ್ಕದಲ್ಲಿ ಇದು ಒಳ್ಳೆಯ ಕಾರು. ಆದರೂ ಆ 9,000ದ ಹಳೆಯದನ್ನೇ ಹುಡುಕುವವರು ಇವತ್ತಿಗೂ ಇದ್ದಾರೆ. ಅವರು ಹುಚ್ಚರಲ್ಲ. ಎಳೆತ ಎಷ್ಟಿದೆ ಎನ್ನುವುದಕ್ಕಿಂತ ಅದು ಹೇಗೆ ಏರುತ್ತಾ ಹೋಗುತ್ತದೆ ಎನ್ನುವುದು ಅವರಿಗೆ ಮುಖ್ಯ.

ಇಂಥ ಎಂಜಿನ್ ಕೊಡುವ ಇನ್ನೊಂದು ದೊಡ್ಡ ಸುಖ ತಿರುವಿನಲ್ಲಿದೆ. ಕಾಲು ಒಂದು ಕೂದಲೆಳೆ ಅಲ್ಲಾಡಿಸಿದರೆ ಎಳೆತವೂ ಅಷ್ಟೇ ಅಲ್ಲಾಡುತ್ತದೆ, ಮಧ್ಯೆ ಟರ್ಬೊ ತಿರುಗಲಿ ಅಂತ ಕಾಯುವುದಿಲ್ಲ. ತಿರುವಿನ ಮಧ್ಯೆ ಕಾರನ್ನು ಬರೀ ಬಲಗಾಲಿನಲ್ಲಿ ಒಳಗೆ ಹೊರಗೆ ಸರಿಸಬಹುದು. ಮೇಲೆ ಜಾಗ ಜಾಸ್ತಿ ಇರುವುದರಿಂದ ಎರಡು ತಿರುವಿನ ನಡುವೆ ಗೇರ್ ಬದಲಿಸದೆ ಎಳೆದುಕೊಂಡು ಹೋಗಬಹುದು. ಗೇರ್ ಇಳಿಸುವಾಗ ರೆವ್ ಹೊಂದಿಸಿ, ಒಂದು ಜರ್ಕೂ ಇಲ್ಲದೆ ಕ್ಲಚ್ ಬಿಟ್ಟಾಗ ಆಗುವ ಖುಷಿ ಇದೆಯಲ್ಲ, ಅದನ್ನು ಬೇರೆಯವರಿಗೆ ವಿವರಿಸುವುದು ಕಷ್ಟ. ಪಕ್ಕದಲ್ಲಿ ಕೂತವರಿಗಂತೂ ಅದು ಗೊತ್ತೇ ಆಗುವುದಿಲ್ಲ. “ಯಾಕೆ ಇಷ್ಟು ಕೂಗಿಸ್ತೀರಿ, ಮೇಲಿನ ಗೇರ್ ಹಾಕಬಾರದಾ?” ಅಂತ ಕೇಳುತ್ತಾರೆ.

ಕಷ್ಟಗಳೂ ಇವೆ. ಟ್ರಾಫಿಕ್‌ನಲ್ಲಿ ಇದು ಸಪ್ಪೆ. ಕೆಳಗೆ ಪಿಕಪ್ ಇಲ್ಲ, ಜನ ತುಂಬಿಕೊಂಡು ಏರು ಹತ್ತುವಾಗ ಮೇಲಿಂದ ಮೇಲೆ ಗೇರ್ ಇಳಿಸಬೇಕು. ಗಿಡ್ಡ ಗೇರ್‌ಗಳಿಂದಾಗಿ ಹೆದ್ದಾರಿಯಲ್ಲಿ ಸದ್ದು ಜಾಸ್ತಿ, ಮೈಲೇಜ್ ಕಮ್ಮಿ. ಎತ್ತರದ ಊರುಗಳಲ್ಲಿ ಇನ್ನೂ ಸೊರಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಏರಿಗೆ ಸುಮಾರು 10 ಪರ್ಸೆಂಟ್ ಪವರ್ ಕಳೆದುಕೊಳ್ಳುತ್ತದೆ. ಅವಸರದಲ್ಲಿ ಐದನೇ ಗೇರ್ ಹಾಕಲು ಹೋಗಿ ಮೂರನೆಯದು ಬಿದ್ದರೆ ರೆವ್ ಲಿಮಿಟರ್ ಕೂಡ ಕಾಪಾಡುವುದಿಲ್ಲ. ಅದು ಇಂಧನ ನಿಲ್ಲಿಸಬಹುದು ಅಷ್ಟೇ. ಆಗ ಎಂಜಿನ್ ತಿರುಗಿಸುತ್ತಿರುವುದು ಚಕ್ರ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದರೆ ಕಥೆ ಮುಗಿಯಿತು.

ಕಾಲಡಿಯಲ್ಲೇ ಕಾದಿರುವ ಎಳೆತ

ಟಾರ್ಕ್ ಗಾಡಿಯನ್ನು ‘ಸೋಮಾರಿಗಳ ಗಾಡಿ’ ಅನ್ನುವವರ ಮಾತು ನಂಬಬೇಡಿ. ಬೆಟ್ಟದ ತಿರುವಿನಿಂದ ಮೂರನೇ ಗೇರ್‌ನಲ್ಲೇ, ಸದ್ದಿಲ್ಲದೆ, ಯಾರೋ ಹಿಂದಿನಿಂದ ಕೈಯಿಟ್ಟು ತಳ್ಳಿದ ಹಾಗೆ ಹೊರಬರುವುದರಲ್ಲೂ ಒಂದು ಗತ್ತಿದೆ. ಗೇರ್ ಬಗ್ಗೆ ತಲೆಕೆಡಿಸಿಕೊಳ್ಳದೆ ರಸ್ತೆ, ಸ್ಟೇರಿಂಗ್, ಬ್ರೇಕ್ ಕಡೆ ಗಮನ ಕೊಡಬಹುದು. ಪಕ್ಕದವರಿಗೆ ನಿದ್ದೆ ಬಂದರೂ ನೀವು ಚುರುಕಾಗಿಯೇ ಹೋಗುತ್ತಿರುತ್ತೀರಿ.

ಆದರೆ ಟಾರ್ಕ್‌ನಲ್ಲೂ ಎರಡು ಬಗೆ ಇವೆ. ಎಂಟು ಸಿಲಿಂಡರ್‌ನ ದೊಡ್ಡ ವಿ8 ಎಂಜಿನ್‌ನದು ಹುಟ್ಟಿನಿಂದ ಬಂದದ್ದು. ಕಾಲು ಇಟ್ಟ ಕ್ಷಣ ಎಳೆತ, ಮೇಲಕ್ಕೂ ಅದೇ ಹದದಲ್ಲಿ ಬೆಳೆಯುತ್ತದೆ. ಸಣ್ಣ ಟರ್ಬೊ ಎಂಜಿನ್‌ನದು ಗಾಳಿ ತುರುಕಿ ಬಂದದ್ದು. 1,500ರ ಕೆಳಗೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಲ್ಲ, 5,000 ಆಗುವಷ್ಟರಲ್ಲಿ ಉಸಿರು ಖಾಲಿ. ಡೀಸೆಲ್ ಆದರೆ ಇನ್ನೂ ಬೇಗ, 4,500ರ ಹೊತ್ತಿಗೆ ಆಟ ಮುಗಿಯುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ತಿರುವಿನ ಮಧ್ಯೆ ಈ ‘ಒಮ್ಮೆಲೇ ಎಲ್ಲ’ ಬಂದರೆ ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತದೆ. ಹಿಂದಿನ ಚಕ್ರದ ಕಾರಿನಲ್ಲಿ, ಅದೂ ಒದ್ದೆ ರಸ್ತೆಯಲ್ಲಿ, ಹಿಂಭಾಗ ಜಾರುತ್ತದೆ. ಇದು ಮಜಾನೋ ಭಯಾನೋ ಎನ್ನುವುದು ನಿಮ್ಮ ಕೈ ಎಷ್ಟು ಪಳಗಿದೆ ಎನ್ನುವುದರ ಮೇಲೆ.

ನನ್ನದೇ ಅನುಭವ ಹೇಳುತ್ತೇನೆ. ವರ್ಷಗಟ್ಟಲೆ ಒಂದು 1.6 ಲೀಟರ್ ಪೆಟ್ರೋಲ್ ಕಾರು ಓಡಿಸಿ ಟರ್ಬೊ ಡೀಸೆಲ್‌ಗೆ ಬಂದೆ. ಮೊದಲ ತಿಂಗಳು ನೆಲದ ಮೇಲೆ ಕಾಲಿರಲಿಲ್ಲ. ಯಾವ ಗೇರ್‌ನಲ್ಲಿದ್ದರೂ ಓವರ್‌ಟೇಕ್! ಆರು ತಿಂಗಳಾದ ಮೇಲೆ ಒಂದು ದಿನ ಗಮನಿಸಿದೆ, ಇಡೀ ಬೆಟ್ಟ ಹತ್ತಿ ಇಳಿದಿದ್ದೆ, ಗೇರ್ ಬದಲಿಸಿದ್ದು ನಾಲ್ಕೋ ಐದೋ ಸಲ. ಹಳೆಯ ಕಾರಿನಲ್ಲಿ ಅದೇ ರಸ್ತೆಯಲ್ಲಿ ಕೈಕಾಲಿಗೆ ಬಿಡುವಿರುತ್ತಿರಲಿಲ್ಲ. ಹೊಸ ಕಾರು ವೇಗವಾಗಿತ್ತು, ಆದರೆ ನನಗೆ ಕೆಲಸ ಕಮ್ಮಿಯಾಗಿತ್ತು. ದಿನದ ಓಡಾಟಕ್ಕೆ ಅದು ವರ. ಭಾನುವಾರ ಬೆಳಗಿನ ಡ್ರೈವ್‌ಗೆ ಏನೋ ಕಳೆದುಹೋದ ಹಾಗೆ.

ನನ್ನೊಬ್ಬನ ಕಾಯಿಲೆ ಅಂದುಕೊಂಡಿದ್ದೆ. ತಯಾರಕರಿಗೂ ಇದು ಗೊತ್ತಿದೆ. ಫೆರಾರಿ 458 ಟರ್ಬೊ ಇಲ್ಲದ 4.5 ಲೀಟರ್ ಎಂಜಿನ್‌ನಿಂದ 9,000ದವರೆಗೆ ತಿರುಗುತ್ತಿತ್ತು, ಟಾರ್ಕ್ 540 ಎನ್‌ಎಮ್. 2015ರಲ್ಲಿ ಅದರ ಜಾಗಕ್ಕೆ ಬಂದ 488ರಲ್ಲಿ ಟರ್ಬೊ ಹಾಕಿದರು. 760 ಎನ್‌ಎಮ್ 3,000ದಲ್ಲೇ ಸಿಗುತ್ತದೆ. ಆದರೆ ಅಷ್ಟನ್ನೂ ಪೂರ್ತಿ ಬಿಡುವುದು ಏಳನೇ ಗೇರ್‌ನಲ್ಲಿ ಮಾತ್ರ. ಕೆಳಗಿನ ಗೇರ್‌ಗಳಲ್ಲಿ ಕಂಪ್ಯೂಟರ್ ಬೇಕೆಂದೇ ಟಾರ್ಕ್ ತಡೆಹಿಡಿದು, ಮುಳ್ಳು ಏರಿದ ಹಾಗೆ ಎಳೆತವೂ ಏರುವಂತೆ ಮಾಡುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋದದ್ದು 2023ರ ಹ್ಯುಂಡೈ ಐಯಾನಿಕ್ 5 ಎನ್. ಅದು ಎಲೆಕ್ಟ್ರಿಕ್ ಕಾರು, ನಿಂತಲ್ಲಿಂದಲೇ ಪೂರ್ತಿ ಟಾರ್ಕ್. ಗೇರ್‌ಬಾಕ್ಸೇ ಬೇಡ. ಆದರೂ ಎಂಟು ಗೇರ್ ಇರುವ ಹಾಗೆ ನಟಿಸುವ ಒಂದು ಮೋಡ್ ಕೊಟ್ಟಿದ್ದಾರೆ. ಗೇರ್ ಬದಲಿಸಿದಾಗ ಜರ್ಕ್ ಕೂಡ ಬರುತ್ತದೆ, ಸ್ಪೀಕರ್‌ನಿಂದ ಎಂಜಿನ್ ಸದ್ದೂ ಬರುತ್ತದೆ. ನಗು ಬರುತ್ತದೆ, ಅಲ್ವಾ? ಓಡಿಸಿದವರು ಬಹಳ ಮಂದಿ ಅದನ್ನು ಮೆಚ್ಚಿಕೊಂಡಿದ್ದಾರೆ.

ಹಾಗಾದರೆ ಯಾವುದು?

ದಿನಾ ಟ್ರಾಫಿಕ್, ತಿಂಗಳಿಗೊಮ್ಮೆ ದೂರದ ಪ್ರಯಾಣ, ಕಾರಿನ ತುಂಬ ಜನ, ಸಾಮಾನು. ಇದು ನಿಮ್ಮ ಬದುಕಾದರೆ ಟಾರ್ಕ್ ಕಡೆ ಹೋಗಿ, ಎರಡನೇ ಯೋಚನೆ ಬೇಡ. ಎತ್ತರದ ಪ್ರದೇಶದಲ್ಲಿ ಓಡಾಟ ಜಾಸ್ತಿ ಇದ್ದರೂ ಟರ್ಬೊ ಒಳ್ಳೆಯದು. ಆಟೋಮ್ಯಾಟಿಕ್ ಬೇಕು ಅನ್ನುವವರಿಗೂ ಹೆಚ್ಚಾಗಿ ಟಾರ್ಕೇ ಹೊಂದುತ್ತದೆ.

ಕಾರು ಹಗುರ, ಗೇರ್ ಕೈಯಲ್ಲೇ ಹಾಕುವಂಥದ್ದು, ಹತ್ತಿರದಲ್ಲಿ ತಿರುವಿನ ರಸ್ತೆ ಇದೆ, ಒಬ್ಬರೇ ಓಡಿಸುವುದು ಜಾಸ್ತಿ ಅಂದರೆ ರೆವ್ ಆಗುವ ಎಂಜಿನ್ ತಗೊಳ್ಳಿ. ಹಗುರ ಅನ್ನುವ ಮಾತು ಸುಮ್ನೆ ಸೇರಿಸಿದ್ದಲ್ಲ. ಕೆಳಗೆ ಟಾರ್ಕ್ ಕಮ್ಮಿ ಇರುವ ಎಂಜಿನ್ನನ್ನು ಭಾರದ ಗಾಡಿಗೆ ಹಾಕಿದರೆ ಎರಡೂ ಕಡೆಯ ಕಷ್ಟ ಮಾತ್ರ ಸಿಗುತ್ತದೆ. ಮಾಜ್ಡಾ ಎಂಎಕ್ಸ್-5ರಂಥ ಸಣ್ಣ ಕಾರು ಇಷ್ಟು ಜನಕ್ಕೆ ಹಿಡಿಸುವುದು ಅದಕ್ಕೇ. 2018ರಲ್ಲಿ ಅದರ ಎರಡು ಲೀಟರ್ ಎಂಜಿನ್‌ನ ರೆಡ್‌ಲೈನನ್ನು 6,800ರಿಂದ 7,500ಕ್ಕೆ ಏರಿಸಿದರು. ನನ್ನನ್ನು ಕೇಳಿದರೆ ಅಲ್ಲಿಯೇ ಹದ ಇದೆ. 9,000 ಬೇಕಾಗಿಲ್ಲ.

ಯಾಕೆಂದರೆ ರೆಡ್‌ಲೈನ್ ಎಷ್ಟು ಮೇಲಿದೆ ಎನ್ನುವುದಕ್ಕಿಂತ ಅಲ್ಲಿಗೆ ಹೋದಾಗ ಕಾರು ಯಾವ ವೇಗದಲ್ಲಿರುತ್ತದೆ ಎನ್ನುವುದು ಮುಖ್ಯ. ಎಸ್2000ದ ಎರಡನೇ ಗೇರ್ ಗಂಟೆಗೆ 100 ಕಿ.ಮೀ.ಗಿಂತ ಸ್ವಲ್ಪ ಮೇಲೆ ಮುಗಿಯುತ್ತದೆ. ಪೋರ್ಶೆ 718 ಕೇಮನ್ ಜಿಟಿ4ರ ಎಂಜಿನ್ ಅದ್ಭುತ, 8,000 ತಿರುಗುತ್ತದೆ. ಆದರೆ ಎರಡನೇ ಗೇರ್‌ನಲ್ಲೇ 130 ದಾಟಿಬಿಡುತ್ತದೆ. ಮಾಮೂಲಿ ರಸ್ತೆಯಲ್ಲಿ ಆ ಎಂಜಿನ್‌ನ ಪೂರ್ತಿ ಹಾಡು ಕೇಳಬೇಕೆಂದರೆ ಒಂದೋ ದಂಡ ಕಟ್ಟಬೇಕು, ಇಲ್ಲವೇ ಟ್ರ್ಯಾಕ್‌ಗೆ ಹೋಗಬೇಕು.

ಇದನ್ನು ಟೆಸ್ಟ್ ಡ್ರೈವ್‌ನಲ್ಲಿ ನೀವೇ ಲೆಕ್ಕ ಹಾಕಬಹುದು, ರೆಡ್‌ಲೈನ್ ಮುಟ್ಟಲೇಬೇಕೆಂದಿಲ್ಲ. ಎರಡನೇ ಗೇರ್‌ನಲ್ಲಿ 3,000ಕ್ಕೆ ಮುಳ್ಳು ನಿಲ್ಲಿಸಿ ವೇಗ ನೋಡಿ. 36 ತೋರಿಸಿತು ಅನ್ನಿ. ರೆಡ್‌ಲೈನ್ 7,500 ಆದರೆ ಅದು ಎರಡೂವರೆ ಪಟ್ಟು, ಅಂದರೆ 90ಕ್ಕೆ ಆ ಗೇರ್ ಮುಗಿಯುತ್ತದೆ. ಇದು 100ರ ಒಳಗಿದ್ದರೆ ಆ ಕಾರಿನ ರೆವ್ ನಿಮ್ಮ ಉಪಯೋಗಕ್ಕೆ ಬರುತ್ತದೆ. 130 ಮೇಲೆ ಹೋದರೆ ದುಡ್ಡು ಕೊಟ್ಟು ಬೀಗ ಹಾಕಿಟ್ಟ ಹಾಗೆ.

ಟರ್ಬೊ ಕಾರಾದರೆ ಬೇರೆ ಪರೀಕ್ಷೆ. ಮೂರನೇ ಗೇರ್, 1,500 ಆರ್‌ಪಿಎಮ್, ಕಾಲು ಅರ್ಧ ಒತ್ತಿ ಮನಸ್ಸಿನಲ್ಲೇ ಎಣಿಸಿ. ‘ಒಂದು’ ಅನ್ನುವಷ್ಟರಲ್ಲಿ ಎಳೆದರೆ ಒಳ್ಳೆಯದು, ‘ಮೂರು’ ಆದರೂ ಕಾಯಿಸಿದರೆ ತಿರುವಿನಲ್ಲಿ ಅದು ನಿಮಗೆ ಕಿರಿಕಿರಿ ಮಾಡುತ್ತದೆ. ಟಾರ್ಕ್ ಇದೆ ಅಂತ 1,200ರಲ್ಲಿ ಮೇಲಿನ ಗೇರ್ ಹಾಕಿ ಪೂರ್ತಿ ಒತ್ತುವ ಚಟ ಮಾತ್ರ ಬೇಡ, ಎಂಜಿನ್‌ಗೆ ಅದು ರೆಡ್‌ಲೈನ್‌ಗಿಂತ ಕೆಟ್ಟದ್ದು. ಹಾಗೆಯೇ ರೆವ್ ಮಾಡುವವರು ಆಯಿಲ್ ಬಿಸಿಯಾಗುವವರೆಗೆ ಕಾಯಿರಿ. ಕೂಲೆಂಟ್‌ನ (ಎಂಜಿನ್ ತಣಿಸುವ ದ್ರವದ) ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದಾಗ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ, ಇನ್ನೊಂದೈದು ಹತ್ತು ನಿಮಿಷ ಬೇಕು.

ಕೊನೆಗೆ ಶೋರೂಮಿಗೆ ವಾಪಸ್ ಬರುವಾಗ ರೇಡಿಯೋ ಆಫ್ ಮಾಡಿ, ಪಕ್ಕದಲ್ಲಿರುವ ಸೇಲ್ಸ್‌ನವರಿಗೆ ಐದು ನಿಮಿಷ ಮಾತು ನಿಲ್ಲಿಸಿ ಅನ್ನಿ. ಜೋರಾಗಿ ಓಡಿಸಬೇಡಿ, ಮಾಮೂಲಿ ಹೋಗಿ. ಆಗ ನಿಮ್ಮ ಎಡಗೈ ಎಲ್ಲಿರುತ್ತದೆ ನೋಡಿ. ಏನೂ ಕಾರಣ ಇಲ್ಲದಿದ್ದರೂ ಗೇರ್ ಲಿವರ್ ಕಡೆ ಹೋಗುತ್ತಿದ್ದರೆ ರೆವ್ ಆಗುವ ಕಾರನ್ನೇ ಬರೆಸಿ. ತೊಡೆಯ ಮೇಲೆ ಆರಾಮಾಗಿ ಕೂತಿದ್ದರೆ ಟಾರ್ಕ್ ಗಾಡಿ ತಗೊಂಡು ಹಾಯಾಗಿರಿ.